ಎಡೆಗೆ ಕರೆಯುವ ಹೆಸರು

ಗಂಗಾ, ಹಿರಿಯರ ಹಬ್ಬಕ್ಕೆ ಎಡೆ ಇಟ್ಟು ನೀನು ವರ್ಷವರ್ಷ ಕರೆಯುವ ‘ಮೇರವ್ವ’ ಎಂಬ ಹೆಸರು ಸುಳ್ಳು. ಅದನ್ನು ಕಟ್ಟಿದವನು ನಾನು, ನಿನ್ನ ಒಡಹುಟ್ಟಿದ ಅಣ್ಣ. ಅವ್ವ ಸಾಯುವ ತನಕ ಅದೇ ಹೆಸರಿಗೆ ಕೈಮುಗಿದಳು. ಅವಳು ಹೋದ ಮೇಲೆ ಆ ಎಡೆಯನ್ನು ನಿನ್ನ ತಲೆಗೆ ಕಟ್ಟಿ ನಾನು ಕೈತೊಳೆದುಕೊಂಡೆ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನೀನು ಹಿರೇಹಡಗಲಿಯ ಗಂಡನ ಮನೆಯಲ್ಲಿದ್ದೆ. ನಾನು ಕೂಡ್ಲಿಗಿಯ ಕಚೇರಿಯೊಂದರಲ್ಲಿ ಹಳೆಯ ಕಾಗದ ಕಾಯುವ ಗುಮಾಸ್ತ. ಇಂಗ್ಲೆಂಡಿನಿಂದ ಒಬ್ಬ ಮುದುಕ ಬಂದ. ತನ್ನ ಅಜ್ಜ ಹಡಗು ಹತ್ತಿ ಬಂದು ಕೊಟ್ಟೂರಿನ ರಸ್ತೆ ಮಾಡಿಸಿದ ಓವರ್ಸಿಯರ್, ಇಲ್ಲೇ ಸತ್ತವನು, ಅವನ ಗುರುತು ಬೇಕು ಎಂದ. ಹೆಸರು ಕೇಳಿದ ಕೂಡಲೇ ನನಗೆ ತಿಳಿಯಿತು. ಆ ಓವರ್ಸಿಯರ್ ಅವ್ವನ ಅಪ್ಪ — ಅಲ್ಲಿನ ಸಂಸಾರದ ಕಡೆಯಿಂದ ಈ ಮುದುಕ ಅವ್ವನಿಗೆ ಅಣ್ಣನ ಮಗನಾಗಬೇಕು.

ಕಟ್ಟುಗಳನ್ನು ನಾನೇ ಬಿಚ್ಚಿ ಕೊಟ್ಟೆ. ಕುದುರೆಗೆ ಹುಲ್ಲು ಕೊಂಡ ಲೆಕ್ಕ ಸಿಕ್ಕಿತು. ಕುದುರೆಯ ಹೆಸರೂ ಇತ್ತು. ಅವನಿಗೆ ರೊಟ್ಟಿ ಬಡಿದು, ಮಗಳನ್ನು ಹೆತ್ತ ನಮ್ಮ ಅಜ್ಜಿಯ ಹೆಸರು ಎಲ್ಲೂ ಇರಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮನೆಯಲ್ಲಿ ಬಾಯಿಬಿಟ್ಟೆ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

“ಮನಿಗೆ ಕರ್ಕೊಂಡ್ ಬಾರಪ್ಪ. ಬರದಿದ್ರ ಹೋಗ್ಲಿ, ನಮ್ಮಪ್ಪನ್ನ ಹಡದಾಕಿ ಹೆಸರೇನು ಅಷ್ಟರ ಕೇಳು. ಹೆಸರು ಹಿಡಿದು ಕರೀದಿದ್ರ ಹಿರೇರು ಎಡಿ ಮುಟ್ಟಂಗಿಲ್ಲ.”

ಮರುದಿನ ಅವನು ತನ್ನ ಮನೆತನದ ಹೆಸರುಗಳಿದ್ದ ದೊಡ್ಡ ಹಾಳೆಯನ್ನು ನನ್ನ ಮೇಜಿನ ಮೇಲೆ ಬಿಡಿಸಿದ. ಬಿಡಿಸಿ, ಮೆಲ್ಲಗೆ ಕೇಳಿದ — ಇಲ್ಲಿ ಅವರಿಗೆ ಸಂಸಾರವೇನಾದರೂ ಇತ್ತೇ? ಉಳಿದ ಗುಮಾಸ್ತರೆಲ್ಲ ಕಿವಿ ನೆಟ್ಟು ಕೂತಿದ್ದರು.

“ಇಲ್ಲ. ಯಾರೂ ಇರಲಿಲ್ಲ” ಎಂದೆ.

ಪಾಪ, ಒಂಟಿಯಾಗಿಯೇ ಸತ್ತರೇ, ಎಂದು ಅವನು ಹಾಳೆ ಮಡಚಿದ. ನನ್ನ ಸಿಟ್ಟು ಅವನ ಮೇಲೆ, ಆ ಬಿಳಿಯರ ಕಾಗದಗಳ ಮೇಲೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಕಾಗದ ಅಜ್ಜಿಯನ್ನು ಬಿಟ್ಟಿತ್ತು, ನಿಜ — ಅವ್ವನನ್ನು ಬಿಟ್ಟವನು ನಾನು. ನಾಚಿಕೆ, ಗಂಗಾ. ಶಾಲೆಯಲ್ಲಿ ‘ಬೆರಕಿ’, ಮಿಶ್ರ ರಕ್ತದವನು ಅನ್ನಿಸಿಕೊಂಡವನಿಗೆ ಹೆತ್ತವಳೇ ನಾಚಿಕೆಯಾಗಿದ್ದಳು. ಥೂ ನನ್ನ ಜನ್ಮಕ್ಕೆ.

ಸಂಜೆ ಮನೆಗೆ ಹೋದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. “ಕೇಳಿದ್ಯೇನಪ್ಪ?”

“ಕೇಳಿದೆ. ಮೇರಿ ಅಂತ.” ಬಾಯಿಗೆ ಬಂದ ಮೊದಲ ಇಂಗ್ಲಿಷ್ ಹೆಸರು ಅದು.

“ಮೇರವ್ವ” ಎಂದು ಅವಳು ಹೇಳಿ ನೋಡಿದಳು, ಇನ್ನೊಮ್ಮೆ ಹೇಳಿದಳು. ಅವಳ ಮುಖ ಎಷ್ಟು ಅರಳಿತ್ತೆಂದರೆ — ಬೇಡ, ಅದನ್ನು ಬರೆಯಲಾರೆ.

ನಿಜವಾದ ಹೆಸರು ಆ ಹಾಳೆಯಲ್ಲಿತ್ತು, ನನ್ನ ಮೊಣಕೈ ಪಕ್ಕದಲ್ಲೇ. ಕಣ್ಣು ಹಾಯಿಸಿದ್ದರೆ ಸಾಕಿತ್ತು. ನಾನು ಕಿಟಕಿಯ ಕಡೆ ನೋಡುತ್ತಾ ಕೂತೆ. ಅವನ ವಿಳಾಸವನ್ನೂ ಬರೆದಿಟ್ಟುಕೊಳ್ಳಲಿಲ್ಲ. ಈ ಅಮಾವಾಸ್ಯೆಗೆ ಯಾರ ಹೆಸರು ಹಿಡಿದು ಕರೆಯಬೇಕೋ ನನಗೆ ಗೊತ್ತಿಲ್ಲ, ಗಂಗಾ. ಎಡೆ ಇಳಿಸಿದ ಮೇಲೆ ಊಟಕ್ಕೆ ನನ್ನನ್ನು ಮಾತ್ರ ಕರೆಯಬೇಡ.