ಗಂಟು ಹೊತ್ತ ಶಿಗೆನೊ ದೊಡ್ಡಮ್ಮ

ಅಕಿತಾದ ಹಿಮದ ಊರಿನಿಂದ ಬಂದು ಟೋಕಿಯೋ ಪಕ್ಕದ ಇಚಿಕಾವಾದಲ್ಲಿ ಬಾಡಿಗೆ ಕೋಣೆ ಹಿಡಿದಾಗ ನನಗೆ ಹತ್ತೊಂಬತ್ತು ವರ್ಷ. ಕೆಲಸ ನಿಪ್ಪೊರಿಯ ಒಂದು ಬಟ್ಟೆ ಅಂಗಡಿಯಲ್ಲಿ. ಮೊದಲ ದಿನ ರೈಲಿನಲ್ಲಿ ಬಾಗಿಲು ತಲುಪಲಾಗದೆ ನಿಪ್ಪೊರಿ ದಾಟಿ ಹೋಗಿಬಿಟ್ಟೆ. ಎರಡನೆಯ ದಿನ ಮೊಣಕೈಯಿಂದ ಜನರನ್ನು ತಿವಿಯುತ್ತಿದ್ದೆ. ಬಾಗಿಲ ಬಳಿಯಿಂದ ಯಾರೋ ಮೆಲ್ಲಗೆ ಗದರಿದರು.

"ತಳ್ಳಬೇಡ ಕಣೇ ಹುಡುಗಿ. ಬಲಗೈ ಮುಂದೆ ಚಾಚು, ತಲೆ ತಗ್ಗಿಸು, ಸಣ್ಣಗೆ ಕ್ಷಮಿಸಿ ಅನ್ನು. ದಾರಿ ಅವರೇ ಬಿಡ್ತಾರೆ."

ಹಾಗೇ ಮಾಡಿದೆ. ಬಿಟ್ಟರು.

ಗದರಿದವಳು ನೆಮೊತೊ ಶಿಗೆನೊ, ಮುಂದೆ ನನ್ನ ಬಾಯಲ್ಲಿ ದೊಡ್ಡಮ್ಮನಾದವಳು. ಚಿಬಾ ಕಡೆಯ ಹಳ್ಳಿಯವಳು, ಅರವತ್ತೆರಡು ವರ್ಷ. ಮೂಲಂಗಿ, ಗೆಣಸು, ಉಮಿಯಲ್ಲಿ ಹುದುಗಿಸಿದ ಮೊಟ್ಟೆ ಎಲ್ಲವನ್ನೂ ಬುಟ್ಟಿಗಳಲ್ಲಿ ಪೇರಿಸಿ, ಕಪ್ಪು ಬಟ್ಟೆಯಲ್ಲಿ ಗಂಟು ಕಟ್ಟಿ, ಬೆನ್ನಿಗೆ ಹೊತ್ತು ಟೋಕಿಯೋದ ಓಣಿಗಳಲ್ಲಿ ಮಾರುತ್ತಿದ್ದಳು. ಗಂಟು ಅವಳ ತಲೆಗಿಂತ ಎತ್ತರ. ಉಳಿದ ವ್ಯಾಪಾರದ ಹೆಂಗಸರು ನಸುಕಿನ ಖಾಲಿ ರೈಲಿಗೇ ಹೋಗುತ್ತಿದ್ದರು. ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕುಡಿಸಿ ಹೊರಡಬೇಕಾದ್ದರಿಂದ ಇವಳಿಗೆ ಮಾತ್ರ ಆಫೀಸಿನವರ ಗಾಡಿಯೇ ಗತಿ.

ಆ ನೂಕುನುಗ್ಗಲಲ್ಲಿ ಅವಳು ಹತ್ತುತ್ತಿದ್ದ ರೀತಿಯನ್ನು ನಾನು ದಿನವೂ ನೋಡಿದ್ದೇನೆ. ಎಲ್ಲರೂ ಹತ್ತಿದ ಮೇಲೆ ರೈಲಿಗೆ ಬೆನ್ನು ಮಾಡಿ ನಿಂತು, ಹಿಂದಿಂದಕ್ಕೆ ಒಂದೊಂದೇ ಹೆಜ್ಜೆ ಸರಿದು, ಮೂರನೆಯ ಬಾಗಿಲಿನ ಮೂಲೆಯಲ್ಲಿ ಗಂಟನ್ನು ಒರಗಿಸುತ್ತಿದ್ದಳು. ಒಳಗೆ ಹೋದ ಮೇಲೆ ತಿರುಗುತ್ತಿರಲಿಲ್ಲ. ಅವಳು ತಿರುಗಿದರೆ ಗಂಟು ನಾಲ್ಕು ಜನರ ಮುಖ ಸವರುತ್ತಿತ್ತು. ಪ್ರತಿ ನಿಲ್ದಾಣದಲ್ಲೂ ತಾನೇ ಮೊದಲು ಇಳಿದು ಬಾಗಿಲ ಪಕ್ಕ ನಿಲ್ಲುವಳು. ಇಳಿಯುವವರು ಇಳಿದು, ಹತ್ತುವವರು ಹತ್ತಿ ಆದಮೇಲೆ ಮತ್ತೆ ಹಿಮ್ಮುಖವಾಗಿ ಹತ್ತುವಳು. ಅಷ್ಟು ಭಾರ ಹೊತ್ತು ಹೀಗೇಕೆ ಒದ್ದಾಡುತ್ತೀ ಎಂದು ಒಮ್ಮೆ ಕೇಳಿದೆ. ಟಿಕೆಟ್ಟು ಒಬ್ಬಳದ್ದು, ಜಾಗ ಮೂವರದ್ದು, ಇಷ್ಟಾದರೂ ಮಾಡದಿದ್ದರೆ ಹೇಗೆ ಎಂದಳು. ಜನಕ್ಕೆ ತಾನೊಂದು ಕಾಟ ಎಂಬ ಕೊರಗು ಅವಳಿಗೆ ಒಳಗೊಳಗೇ ಇತ್ತು.

ನಾನು ಬಂದ ಎರಡನೆಯ ಚಳಿಗಾಲದಲ್ಲಿ, ಒಂದು ಬೆಳಿಗ್ಗೆ, ನಿಪ್ಪೊರಿಯ ಮೆಟ್ಟಿಲು ಇಳಿಯುವಾಗ ಗಂಟಿನ ಪಟ್ಟಿ ಕಿತ್ತುಹೋಯಿತು. ದೊಡ್ಡಮ್ಮ ಕಂಬಿ ಹಿಡಿದು ಕುಸಿದಳು. ಗೆಣಸುಗಳು ದಡದಡ ಉರುಳಿದವು. ಹಿಂದೆ ನೂರಾರು ಜನ, ಎಲ್ಲರಿಗೂ ಆಫೀಸಿನ ಹೊತ್ತು. ಯಾರಾದರೂ ಎಡವಿ ಬಿದ್ದರೆ ಗತಿಯೇನು?

ಯಾರೂ ಬೀಳಲಿಲ್ಲ. ಜನ ಅವಳ ಎರಡು ಪಕ್ಕಕ್ಕೂ ಸೀಳಿಕೊಂಡು ಇಳಿದರು. ಅಂಚಿನಲ್ಲಿದ್ದವರು ಇಳಿಯುತ್ತಲೇ ಬಗ್ಗಿ ಒಂದು ಗೆಣಸು ಎತ್ತಿಕೊಳ್ಳುವುದು, ಕೆಳಗೆ ಗೋಡೆಯ ಬುಡದಲ್ಲಿ ಇಡುವುದು, ಹೋಗುವುದು. ಜನ ಕರಗುವಷ್ಟರಲ್ಲಿ ಗೋಡೆಯುದ್ದಕ್ಕೂ ಗೆಣಸು, ಮೂಲಂಗಿ ಸಾಲಾಗಿ ಕೂತಿದ್ದವು. ಹೋಗುತ್ತಿದ್ದವರ ಬೆನ್ನುಗಳಿಗೇ ದೊಡ್ಡಮ್ಮ ಬಾಗಿ ಬಾಗಿ ನಮಸ್ಕರಿಸಿದಳು. ಬೂದು ಕೋಟಿನ ಒಬ್ಬ ಗಂಡಸು ಮಾತ್ರ ನಿಂತು, ತನ್ನ ಮಫ್ಲರು ಬಿಚ್ಚಿ ಪಟ್ಟಿಗೆ ಬಿಗಿದು ಕೊಟ್ಟು ಓಡಿದ. ದಿನವೂ ನಮ್ಮ ಡಬ್ಬಿಯಲ್ಲೇ ಬರುತ್ತಿದ್ದವನು, ಹೆಸರು ಗೊತ್ತಿರಲಿಲ್ಲ.

ಎರಡು ದಿನ ಬಿಟ್ಟು ದೊಡ್ಡಮ್ಮ ಮಫ್ಲರನ್ನು ಒಗೆದು ಮಡಚಿ, ಜೊತೆಗೆ ಆರು ಮೊಟ್ಟೆ ಇಟ್ಟು, ಪ್ಲಾಟ್‌ಫಾರ್ಮಿನಲ್ಲಿ ಅವನಿಗೆ ಕೊಟ್ಟಳು. ಇಷ್ಟು ವರ್ಷ ನಿಮಗೆಲ್ಲ ಎಷ್ಟು ತೊಂದರೆ ಕೊಟ್ಟೆನೋ ಎಂದು ಬಗ್ಗಿದವಳು ಬೇಗ ಮೇಲೇಳಲೇ ಇಲ್ಲ.

ಅವನು ಸಂಕೋಚದಿಂದ ಕತ್ತು ತುರಿಸಿಕೊಂಡ. "ತೊಂದರೆ ಏನಿಲ್ಲಮ್ಮಾ. ಆ ಮೂಲೆ ನಿಮ್ದು ಅಂತ ಎಲ್ರಿಗೂ ಗೊತ್ತು. ನಾನು ಈ ಗಾಡಿ ಹಿಡಿದು ಹನ್ನೊಂದು ವರ್ಷ ಆಯ್ತು, ಅಲ್ಲಿ ಯಾರೂ ನಿಲ್ಲಲ್ಲ. ಹೊಸಬ್ರು ನಿಂತ್ರೆ ನಾವೇ ಸ್ವಲ್ಪ ಒಳಕ್ಕೆ ಸರಿಸ್ತೀವಿ."

ದೊಡ್ಡಮ್ಮ ಗಂಟಿನ ಪಟ್ಟಿ ಸರಿಮಾಡಿಕೊಂಡಳು. ರೈಲು ಹತ್ತಿದ ಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದಳು: "ಆ ಮೂಲೆ ಖಾಲಿ ಇರೋದು ನನ್ನ ಅದೃಷ್ಟ ಅನ್ಕೊಂಡಿದ್ನಲ್ಲೇ."

ಎಪ್ಪತ್ತಕ್ಕೆ ಅವಳ ಮಂಡಿ ಸೋತು ವ್ಯಾಪಾರ ನಿಂತಿತು. ಅಷ್ಟರಲ್ಲಿ ಅತ್ತೆಯೂ ತೀರಿಕೊಂಡಿದ್ದಳು. ಗಿರಾಕಿಗಳ ಮನೆಗೆ ಹೋಗಿ ಉಪಕಾರ ನೆನೆದು ಬರಬೇಕೆಂದು ಒಂದು ಬೆಳಿಗ್ಗೆ ಬರಿಗೈಯಲ್ಲಿ ಅದೇ ಗಾಡಿಗೆ ಬಂದಳು. ಹೊರೆಯಿಲ್ಲದ ಮೈಗೆ ನಿಲ್ಲುವುದೇ ಮರೆತಿತ್ತು. ತಿರುವು ಬಂದಾಗಲೆಲ್ಲ ನನ್ನ ಮೇಲೆ ಬೀಳುವಳು, ನಗುವಳು. "ಇವತ್ತು ಒಳಗಡೆ ಹೋಗೋಣ ನಡಿಯೇ. ಮೂವತ್ತು ವರ್ಷದಿಂದ ಈ ಡಬ್ಬಿ ಮಧ್ಯ ಹೆಂಗಿದೆ ಅಂತ ನೋಡೇ ಇಲ್ಲ."

ಕೈ ಚಾಚಿ, ತಲೆ ತಗ್ಗಿಸಿ ಒಳಗೆ ನಡೆದಳು. ಪತ್ರಿಕೆ ಓದುತ್ತಿದ್ದ ಒಬ್ಬ ತರುಣ ತಟ್ಟನೆ ಎದ್ದು ಸೀಟು ಬಿಟ್ಟುಕೊಟ್ಟ. ಅವಳು ಕೂತಲ್ಲಿಂದಲೇ ಅವನಿಗೆ ಬಗ್ಗಿ ನಮಸ್ಕರಿಸಿದಳು, ಇನ್ನೊಂದು ನಿಲ್ದಾಣ ದಾಟಿದ ಮೇಲೆ ಮತ್ತೊಮ್ಮೆ, ನದಿ ದಾಟಿದ ಮೇಲೆ ಮಗದೊಮ್ಮೆ. ಪಾಪ, ಅವನು ಪತ್ರಿಕೆಯನ್ನು ಮೂಗಿನವರೆಗೆ ಏರಿಸಿಕೊಂಡು ನಿಪ್ಪೊರಿಯವರೆಗೂ ಒಂದೇ ಪುಟ ಓದಿದ.