ಕತ್ತರಿಯ ಚಿತ್ರ

ಅಕ್ಕನ ಬಲಗೈಯ ನಡುಬೆರಳಲ್ಲಿ ಪೆನ್ಸಿಲ್ ಒತ್ತಿ ಒತ್ತಿ ಗಂಟೊಂದು ಎದ್ದಿತ್ತು. ವಾರೆನ್ ಊರಿನ ಕಾರು ಕಂಪನಿಯಲ್ಲಿ ಬಾಗಿಲುಗಳ ನಕ್ಷೆ ಮಾಡುತ್ತಿದ್ದವಳು. ಕಂಪ್ಯೂಟರ್ ಎದುರಿಗಿದ್ದರೂ ಮೊದಲು ಕಾಗದದ ಮೇಲೆ ಬರೆಯಲೇಬೇಕು. ಎಸ್ಸೆಸ್ಸೆಲ್ಸಿ ದಾಟದೆ ಈ ಪರದೇಶಕ್ಕೆ ಬಂದ ನನಗೆ ನಾರ್ತ್‌ವಿಲ್‌ನ ಅವಳ ಮನೆಯ ಅಡುಗೆಮನೆಯಲ್ಲಿ ಇಂಗ್ಲಿಷ್ ಕಲಿಸಿದವಳು ಅವಳೇ. ಒಂದೊಂದೇ ಸಾಮಾನು ಎತ್ತಿ ಹಿಡಿದು ಹೆಸರು ಕೇಳುವಳು. ನಾನು ತಡವರಿಸಿದರೆ, "ನಾನ್ ಹೇಳ್ಕೊಡಲ್ಲ ಕಣೇ. ನೀನೇ ಹೇಳು, ಕಾಯ್ತೀನಿ," ಎಂದು ಸೌಟು ಹಿಡಿದೇ ನಿಲ್ಲುವಳು. ಹಿಂದೆ ಸಾರು ಉಕ್ಕಿದರೂ ಸರಿಯೇ.

ಹೋದ ವರ್ಷ ಅವಳಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿದ್ದುಹೋಯಿತು. ಇಂಗ್ಲಿಷ್ ಕೇಳಿದರೆ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಕನ್ನಡ ಚೂರುಪಾರು ಉಳಿದಿತ್ತು. ಮಾತಿನ ಚಿಕಿತ್ಸೆ ಕೊಡುವ ಹುಡುಗಿ ಚಿತ್ರಗಳನ್ನು ತೋರಿಸುವಳು. ಬಾಚಣಿಗೆ ಕಂಡ ಕೂಡಲೇ ಅಕ್ಕ ಎಡಗೈಯಲ್ಲಿ ತಲೆ ಬಾಚಿಕೊಳ್ಳುವಂತೆ ಮಾಡುವಳು. ಹೆಸರು ಮಾತ್ರ "ಚಮಚ".

ಕಣ್ಣು ಗುರುತಿಸುತ್ತಿದೆ, ಅದರ ಉಪಯೋಗವೂ ನೆನಪಿದೆ, ಅಲ್ಲಿಂದ ಹೆಸರಿಗೆ ಹೋಗುವ ದಾರಿ ಕೆಟ್ಟಿದೆ ಎಂದು ಹುಡುಗಿ ವಿವರಿಸಿದಳು. ಅಭ್ಯಾಸ ಮಾಡಿಸಿ, ಕಾಯಿರಿ, ಮಿದುಳು ಇನ್ನೊಂದು ದಾರಿ ಹುಡುಕಬಹುದು ಎಂದಳು.

ನನ್ನಿಂದ ಕಾಯಲಾಗಲಿಲ್ಲ. "ಕೈಯಲ್ಲಿ ಬಾಚ್ತೀಯ, ಬಾಯಲ್ಲಿ ಚಮಚ ಅಂತೀಯ! ಬೇಕೂಂತ ಮಾಡ್ತೀಯೇನೇ?" ಎಂದು ರೇಗುತ್ತಿದ್ದೆ. ಅಕ್ಕ ಮೇಜು ಗುದ್ದುವಳು.

ಚಿಕಿತ್ಸೆ ಇನ್ನೂ ಬೇಕೇ ಎಂದು ನೋಡುವ ಪರೀಕ್ಷೆಯ ದಿನ, ಕನ್ನಡದ ದುಭಾಷಿಯನ್ನು ಫೋನಿನಲ್ಲಿ ಕರೆಯುತ್ತೇವೆ ಎಂದರು. ಬೇಡ, ನಾನಿದ್ದೇನೆ ಎಂದೆ. ಕತ್ತರಿಯ ಚಿತ್ರ ನೋಡಿ ಅಕ್ಕ ಎರಡು ಬೆರಳು ಆಡಿಸಿ "ಬೀಗ" ಎಂದಳು. "ಸಿಸರ್ಸ್ ಅಂದ್ಲು" ಎಂದು ನಾನು ನನ್ನ ಹರಕು ಇಂಗ್ಲಿಷಿನಲ್ಲಿ ತಿಳಿಸಿದೆ. ಏಣಿ, ಕೊಡೆ, ಗರಗಸ, ಎಲ್ಲದರ ತಪ್ಪನ್ನೂ ಹೀಗೆಯೇ ದಾಟಿಸಿದೆ. ಅಷ್ಟು ಓದಿದವಳ ಮರ್ಯಾದೆ ಉಳಿಸುತ್ತಿದ್ದೇನೆ ಎಂದುಕೊಂಡೆ. ನಿಜವೆಂದರೆ, ಆ ಚಿತ್ರಗಳು ನನಗೆ ಸಾಕಾಗಿ ಹೋಗಿದ್ದವು.

ಅಕ್ಕ ನನ್ನ ಮಣಿಕಟ್ಟು ಹಿಡಿದಳು.

"ಸುಳ್ಳು."

ಒಂದಿಷ್ಟೂ ತಡವರಿಸದೆ ಬಂದ ಮಾತು. ಏನೆಂದರು ಎಂದು ಹುಡುಗಿ ಕೇಳಿದಳು.

"ಥ್ಯಾಂಕ್ಸ್ ಹೇಳ್ತಿದಾಳೆ," ಎಂದುಬಿಟ್ಟೆ.

ಚೆನ್ನಾಗಿ ಸುಧಾರಿಸಿದ್ದಾರೆ ಎಂದು ಬರೆದು ಚಿಕಿತ್ಸೆ ನಿಲ್ಲಿಸಿದರು. ಆಮೇಲೆ ಅಕ್ಕ ಹೆಸರು ಹುಡುಕುವುದನ್ನೇ ಬಿಟ್ಟಳು. ನೀರು ಬೇಕಾದರೆ ಎಡಗೈಯಲ್ಲಿ ಸೊಟ್ಟಗೆ ಲೋಟದ ಚಿತ್ರ ಬರೆದು ಕಾಗದ ನನ್ನತ್ತ ತಳ್ಳುವಳು. ನಾಲ್ಕು ತಿಂಗಳಿಗೆ ಇನ್ನೊಂದು ಹೊಡೆತ ಬಂತು, ಹೋಗಿಬಿಟ್ಟಳು.

ಆ ನಾಲ್ಕು ತಿಂಗಳಲ್ಲಿ ಅವಳು ಬರೆದುದನ್ನೆಲ್ಲ ಓಡಿ ಓಡಿ ತಂದುಕೊಟ್ಟೆ. ಒಂದು ಸಲವಾದರೂ ಆ ಲೋಟ ಎತ್ತಿ ಹಿಡಿದು, "ನೀನೇ ಹೇಳು ಅಕ್ಕ, ಕಾಯ್ತೀನಿ," ಎಂದು ನಿಲ್ಲಲಿಲ್ಲ.