ಮೊಣಕಾಲೂರಿ ಕುಡಿದ ನೀರು

ಬೆಳಿಗ್ಗೆ ಆರೂಕಾಲು ಗಂಟೆ. ಆಗಷ್ಟೇ ಗೋಡೆ ಗಡಿಯಾರಕ್ಕೆ ಕೀಲಿ ಕೊಟ್ಟು ಹಿತ್ತಲಿಗೆ ಬಂದಿದ್ದೆ, ಅದಕ್ಕೇ ನೆನಪಿದೆ. ಯಲ್ಲಾಪುರದ ನಮ್ಮ ಬಾಡಿಗೆ ಮನೆಯಲ್ಲಿ ಬಚ್ಚಲ ನೀರು ಹರಿದು ಹೋಗುವ ಕಡೆ ಕೆಸು ಬೆಳೆದಿತ್ತು. ಅದರ ಮುಂದೆ ನನ್ನ ಯಜಮಾನರು ಕುಕ್ಕರುಗಾಲಲ್ಲಿ ಕೂತಿದ್ದರು.

"ಸರೋಜಾ, ಬಾ ಇಲ್ಲೆ. ಈ ಎಲಿ ನೋಡು. ರಾತ್ರಿಯೆಲ್ಲಾ ಇಬ್ಬನಿ ಬಿದ್ದದ, ಒಂದು ಹನಿನೂ ಅಂಟಿಲ್ಲ. ಮೇಣಾ ಬಳದು ಕಳಸ್ಯಾನ."

ಕಳಿಸಿದವನು ಯಾರೆಂದು ನಾನು ಕೇಳಬೇಕಾಗಿರಲಿಲ್ಲ. ಇವರು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ರವಿವಾರ ನಮ್ಮ ಪಡಸಾಲೆಯಲ್ಲಿ, ಊರಲ್ಲಿದ್ದ ನಾಲ್ಕೈದು ಕ್ರೈಸ್ತ ಮನೆಗಳ ಮಕ್ಕಳಿಗೆ ಸತ್ಯವೇದದ ಪಾಠ ಹೇಳುತ್ತಿದ್ದರು. ಎರಡೂ ಪಾಠ ಅವರಿಗೆ ಒಂದೇ ಆಗಿದ್ದವು. ಗೀಜಗನ ಗೂಡು, ಹೊನ್ನೆ ಬೀಜದ ರೆಕ್ಕೆ, ಜೇನುಹಟ್ಟಿನ ಕೋಣೆಗಳು, ಎಲ್ಲವನ್ನೂ ಅಂಗೈಯಲ್ಲಿ ಹಿಡಿದು ಒಬ್ಬನದೇ ಕೈಕೆಲಸ ಎಂದು ತೋರಿಸುವರು.

ನಾನು ಬಗ್ಗಿ ನೋಡುತ್ತಿದ್ದ ಹಾಗೇ ಎಲೆಯ ಮೇಲೆ ಒಂದು ಕೆಂಪು ಹನಿ ಬಿತ್ತು. ಉರುಳಿಕೊಂಡು ಹೋಗಿ ಎಲೆಯ ನಡುವಿನ ಗುಳಿಯಲ್ಲಿ ನಿಂತಿತು.

"ನೋಡಿದಿ? ಇದೂ ಅಂಟಲಿಲ್ಲ!" ಎಂದು ಇವರು ನಕ್ಕರು. ನಾನೂ ನಕ್ಕೆ. ಎರಡನೆಯ ಹನಿ ಬಿತ್ತು. ಆಮೇಲೆ ಇವರ ಮೂಗಿನ ಎಡಹೊಳ್ಳೆಯಿಂದ ಅದು ಸಾಲಾಗಿ ಇಳಿಯತೊಡಗಿತು.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯ ಸೇರಿ ಎರಡು ವರ್ಷವಾಗಿತ್ತು. ನಾವು ಧಾರವಾಡದ ಕಡೆಯಿಂದ ಈ ಕಾಡಿನ ಊರಿಗೆ ವರ್ಗವಾಗಿ ಬಂದವರು. ಇಲ್ಲಿ ನಮಗೆ ಬಂಧುಗಳೆಂದರೆ ಪಕ್ಕದ ಮನೆಯ ನಾಗವೇಣಕ್ಕ. ನಾನು ಕೂಗಿದ ಕೂಡಲೇ ಗರಿಕೆ ಜಜ್ಜಿಕೊಂಡೇ ಬಂದರು. ರಸ ಹಿಂಡಿ ಮೂಗಿಗೆ ಬಿಟ್ಟರು, ನೆತ್ತಿಗೆ ತಣ್ಣೀರು ಹೊಯ್ಯಿಸಿದರು. ಗಾಬರಿಯಾದಾಗ ಅವರಿಗೆ ಮನೆಮಾತೇ ಬರುವುದು. "ಉಷ್ಣ ಆಜು, ಅಷ್ಟೇಯ. ಎಂತದೂ ಆಗ್ತಿಲ್ಲೆ, ಹೆದರಡ," ಎಂದು ಧೈರ್ಯ ಹೇಳಿದರು.

ರಕ್ತ ನಿಂತಿತು. ಮಧ್ಯಾಹ್ನ ಶಾಲೆಯಲ್ಲಿ ಮತ್ತೆ ಬಂತು.

ಮರುದಿನವೂ ಬಂತು.

ದವಾಖಾನೆಯ ಡಾಕ್ಟರು ಬ್ಲಡ್ ಪ್ರೆಶರ್ ನೋಡಿದರು. ಸರಿಯಿತ್ತು. ಏಟು ಬಿದ್ದಿತ್ತೇ ಎಂದು ಕೇಳಿದರು. ಇಲ್ಲ. ಈಚೆಗೆ ಎಲ್ಲಿಗಾದರೂ ಹೋಗಿದ್ದಿರಾ?

"ದೀಪಾವಳಿ ರಜೆಯಾಗ ಮಕ್ಕಳನ್ನ ಕರಕೊಂಡು ಹಳ್ಳದ ಕಡೆ ಹೋಗಿದ್ವಿ, ಅಷ್ಟೇ," ಎಂದರು ಇವರು.

"ಬಿಸಿಲಿಗೆ ತಿರುಗಿದ್ದೀರಿ ಹಾಗಾದ್ರೆ," ಎಂದು ಡಾಕ್ಟರು ಮೂಗಿಗೆ ಗಾಜ್ ತುಂಬಿ ಪ್ಯಾಕಿಂಗ್ ಮಾಡಿದರು, ವೈಟಮಿನ್ ಗುಳಿಗೆ ಬರೆದರು. ಪ್ಯಾಕಿಂಗ್ ಇರುವ ತನಕ ರಕ್ತ ಹಿಂದಿನಿಂದ ಗಂಟಲಿಗೆ ಇಳಿಯಿತು. ತೆಗೆದ ಮೇಲೆ ಮುಂದಿನಿಂದ ಬಂತು. ವಾರಗಳು ಹೀಗೇ ಹೋದವು. ಇವರ ಉಗುರು, ಕಣ್ಣಿನ ಒಳರೆಪ್ಪೆ ಬೆಳ್ಳಗಾದವು. ಪಾಠ ಮಾಡುವಾಗ ಗೋಡೆ ಹಿಡಿದು ನಿಲ್ಲುತ್ತಾರೆಂದು ಹುಡುಗರು ಬಂದು ಹೇಳಿದರು.

ಒಮ್ಮೆ ಇವರು, "ಸರೋಜಾ, ಮೂಗಿನ ಒಳಗ ಯಾರೋ ಓಡಾಡಿದಂಗ ಆಗ್ತದ," ಎಂದರು. ಡಾಕ್ಟರಿಗೆ ಹೇಳಿದೆ. ಹೆಪ್ಪುಗಟ್ಟಿದ ರಕ್ತ ಸರಿಯುವಾಗ ಹಾಗಾಗುತ್ತದೆ ಎಂದರು. ಇರಬಹುದು ಎಂದುಕೊಂಡೆ.

ರಾತ್ರಿ ನಿದ್ದೆ ಎಂಬುದು ಮನೆಯಿಂದ ಎದ್ದು ಹೋಯಿತು. ಅಂಗಾತ ಮಲಗಿದರೆ ಇವರಿಗೆ ರಕ್ತ ಗಂಟಲಿಗೆ ಬಂದು ಕೆಮ್ಮು. ಗೋಡೆಗೆ ಒರಗಿ ಕೂತು ತೂಕಡಿಸುವರು. ನಾನು ಚಿಮಣಿ ದೀಪ ಹಚ್ಚಿ ಮುಖ ನೋಡುವುದು, ಆರಿಸುವುದು, ಮತ್ತೆ ಹಚ್ಚುವುದು. ಉಸಿರಿನ ಜೊತೆ ಸಣ್ಣ ಶಿಳ್ಳೆಯಂಥ ಸದ್ದು ಬರುತ್ತಿತ್ತು. ಆ ಸದ್ದು ಇದ್ದರೂ ಹೆದರಿಕೆ, ನಿಂತರೂ ಹೆದರಿಕೆ.

ಬೆಳಗಾದರೆ ಇವರು ತಪ್ಪದೆ ಸತ್ಯವೇದ ತೆರೆದು ಕೂಡುತ್ತಿದ್ದರು. ಬಾಯಿಗೆ ಟವೆಲು ಒತ್ತಿಕೊಂಡು ಕಣ್ಣಲ್ಲೇ ಓದುವರು. ಅದು ನನಗೆ ಸಹಿಸಲಾಗದ ದೃಶ್ಯವಾಗಿತ್ತು. ಇಷ್ಟು ಅಚ್ಚುಕಟ್ಟಾಗಿ ಎಲೆಗೆ ಮೇಣ ಬಳಿದವನಿಗೆ ಈ ಮನುಷ್ಯನ ಮೂಗಿನಲ್ಲಿ ಒಂದು ತೂತು ಮುಚ್ಚಲು ಬಾರದೇ ಎಂದು ಮನಸ್ಸು ಕೇಳುತ್ತಿತ್ತು. ಕೇಳಿದ್ದಕ್ಕೆ ಮತ್ತಷ್ಟು ಹೆದರುತ್ತಿತ್ತು.

ಕೊನೆಗೆ ಆರು ವರ್ಷದ ಮಗಳು ಲಿಲ್ಲಿಯನ್ನು ನಾಗವೇಣಕ್ಕನ ಹತ್ತಿರ ಬಿಟ್ಟು ಶಿರಸಿಗೆ ಹೋದೆವು. ಅಲ್ಲಿ ಕಿವಿ, ಮೂಗು ನೋಡುವ ಖಾಸಗಿ ಡಾಕ್ಟರೊಬ್ಬರಿದ್ದರು. ಹಣೆಗೆ ಕನ್ನಡಿ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು. ಇವರನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದರು.

"ಬಾಯಿಯವರೇ, ಒಳಗೆ ಹಿಂದುಗಡೆ ಕಪ್ಪಗೆ ಏನೋ ಕಾಣ್ತದೆ. ಗ್ರೋತ್, ಗಡ್ಡೆ ಇದ್ದ ಹಾಗಿದೆ. ಹುಬ್ಬಳ್ಳಿಗೆ ಕರ್ಕೊಂಡು ಹೋಗಿ, ಬಯಾಪ್ಸಿ ಮಾಡಿಸ್ಬೇಕು."

"ಕ್ಯಾನ್ಸರಾ?"

"ನಾನು ಹಾಗೆ ಹೇಳ್ಲಿಲ್ಲ."

ಅಲ್ಲ ಎಂದೂ ಅವರು ಹೇಳಲಿಲ್ಲ.

ಯಲ್ಲಾಪುರದ ಬಸ್ಸು ಹತ್ತಿದೆವು. ಲಿಲ್ಲಿಯನ್ನು ಕರೆದುಕೊಂಡು ಮರುದಿನ ಹುಬ್ಬಳ್ಳಿಗೆ ಹೊರಡುವುದೆಂದು ಆಯಿತು. ದಾರಿಯಲ್ಲಿ ಇವರು, "ಡಾಕ್ಟರು ಏನಂದ್ರು?" ಎಂದು ಒಮ್ಮೆ ಮಾತ್ರ ಕೇಳಿದರು. "ಇನ್ನೊಬ್ಬರಿಗೆ ತೋರಸ್ರಿ ಅಂದ್ರು," ಎಂದೆ. ನನ್ನ ಮುಖ ನೋಡಿ ಕಿಟಕಿಯ ಕಡೆ ತಿರುಗಿದರು.

ಮಂಚಿಕೇರಿಯ ಹತ್ತಿರ ಬಸ್ಸಿನ ರೇಡಿಯೇಟರ್ ಕುದಿಯಿತು. ಕ್ಲೀನರ್ ಡಬ್ಬಿ ಹಿಡಿದು ರಸ್ತೆ ಪಕ್ಕದ ಕೆರೆಗೆ ಇಳಿದ. ಜನರೆಲ್ಲ ಇಳಿದರು. ಇವರೂ ಮುಖ ತೊಳೆಯಲು ಇಳಿದು, ನೀರಿನ ಅಂಚಿನಲ್ಲಿ ಬಾಗಿ ಕೂತರು. ಅವರಿಂದ ಸ್ವಲ್ಪ ದೂರದಲ್ಲಿ ಒಂದು ಎಮ್ಮೆ ಮೂತಿಯನ್ನು ನೀರಿಗೆ ಊರಿ, ಹೊಳ್ಳೆಗಳು ಮುಳುಗುವಷ್ಟು ಬಗ್ಗಿ ಕುಡಿಯುತ್ತಿತ್ತು.

"ಸರೋಜಾ, ಮತ್ತ ಓಡಾಡಿದಂಗ ಆತು," ಎಂದರು ಇವರು. "ಒಳಗ ಏನೋ ಮುಂದಕ್ಕ ಸರೀತು."

ನಾನು ಎಮ್ಮೆಯನ್ನು ನೋಡಿದೆ. ಇವರನ್ನು ನೋಡಿದೆ. ಆಗ ಆ ಹಳ್ಳ ನನ್ನ ಕಣ್ಣ ಮುಂದೆ ಬಂತು.

ದೀಪಾವಳಿ ರಜೆಯ ಆ ದಿನ ಇವರು ಮಕ್ಕಳಿಗೆ ಸತ್ಯವೇದದ ಗಿದ್ಯೋನನ ಕಥೆ ಹೇಳುತ್ತಿದ್ದರು. ಗಿದ್ಯೋನನ ದಂಡು ದೊಡ್ಡದಾಯಿತೆಂದು ದೇವರು ಅವರನ್ನು ನೀರಿನ ಬಳಿ ಆರಿಸುತ್ತಾನೆ. ಕೈಯಲ್ಲಿ ನೀರು ಎತ್ತಿಕೊಂಡು ಬಾಯಿಗೆ ತಂದು ಕುಡಿದ ಮುನ್ನೂರು ಮಂದಿ ಉಳಿದರು. ಮೊಣಕಾಲೂರಿ ಬಗ್ಗಿ ಕುಡಿದವರೆಲ್ಲ ಮನೆಗೆ ಹೋದರು. ಹಳ್ಳ ಇದೆಯಲ್ಲ, ಆಡಿಯೇ ತೋರಿಸೋಣ ಎಂದರು. ಮಕ್ಕಳೆಲ್ಲರಿಗೂ ಮುನ್ನೂರರಲ್ಲಿ ಇರುವ ಆಸೆ. ಮನೆಗೆ ಹೋಗುವವರಾಗಲು ಒಬ್ಬರೂ ಒಪ್ಪಲಿಲ್ಲ. "ಹಂಗಾದ್ರ ನಾನೇ," ಎಂದು ಇವರು ಧೋತರ ಎತ್ತಿ ಕಟ್ಟಿ, ನಿಂತ ನೀರಿನ ಒಂದು ಗುಂಡಿಯ ಮುಂದೆ ಮೊಣಕಾಲೂರಿ, ಮುಖ ನೀರಿಗೆ ಹಚ್ಚಿ ಸುರ್ ಸುರ್ ಎಂದು ಕುಡಿದರು. ಮೂಗಿಗೂ ನೀರು ಹೋಗಿ ಸೀನಿದರು. "ಮಾಸ್ತರೇ, ನೀವು ಮನೆಗೆ ಹೋಗಿ! ನೀವು ಮನೆಗೆ ಹೋಗಿ!" ಎಂದು ಮಕ್ಕಳು ಕುಣಿದರು. ಬುತ್ತಿಗಂಟು ಬಿಚ್ಚುತ್ತಾ ನಾನೂ ನಕ್ಕಿದ್ದೆ.

ಧಾರವಾಡದ ಕಾಲೇಜಿನಲ್ಲಿ ಇಂಟರ್ ಸೈನ್ಸ್ ಓದುವಾಗ ಮೇಣದ ತಟ್ಟೆಯ ಮೇಲೆ ಗುಂಡುಸೂಜಿ ಚುಚ್ಚಿ ನಾನೇ ಅದನ್ನು ಕೊಯ್ದಿದ್ದೆ. ದನದ ಜಿಗಣೆ ಎಂದೇ ಅದರ ಹೆಸರು. ಮೂರು ದವಡೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ಅದರ ಜೊಲ್ಲಿಗೆ ರಕ್ತ ಹೆಪ್ಪುಗಟ್ಟುವುದಿಲ್ಲ. ನೀರು ಕುಡಿಯುವ ದನದ ಮೂಗಿಗೆ ಎಳೆಯದಾಗಿ ಸೇರಿ, ಅಲ್ಲಿಯೇ ಬೆಳೆಯುತ್ತದೆ.

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಇವರು ತಲೆ ಎತ್ತಿದರು. ಎತ್ತಿದವರು ಕೊರಳು ಹಿಡಿದುಕೊಂಡರು.

ಉಸಿರು ಇಲ್ಲ.

ಕಣ್ಣು ದೊಡ್ಡವಾದವು. ಬಾಯಿ ತೆರೆದಿದೆ, ಸದ್ದಿಲ್ಲ. ಮುಖದ ಬಣ್ಣ ಹೋಗುತ್ತಿದೆ. ಹಿಂದಕ್ಕೆ ಸರಿದ ಆ ಜಿಗಣೆ ಗಂಟಲಿಗೆ ಇಳಿದಿದೆ ಎಂದು ನನಗೆ ಮಾತ್ರ ಗೊತ್ತು. ಸುತ್ತ ನಿಂತವರು ಗಾಳಿ ಬಿಡಿ, ನೀರು ಕುಡಿಸಿ ಎನ್ನುತ್ತಿದ್ದಾರೆ. ನಾನು ಅವರ ಕತ್ತನ್ನು ಕೆಳಕ್ಕೆ ಒತ್ತಿ ಬೆನ್ನಿಗೆ ಗುದ್ದಿದೆ. ಮತ್ತೆ ಗುದ್ದಿದೆ. ಪ್ರಾರ್ಥನೆ ಮಾಡಿದೆ ಎಂದು ಬರೆಯಬೇಕೆಂದು ಆಸೆ. ಮಾಡಲಿಲ್ಲ. ಸುಮ್ಮನೆ ಗುದ್ದಿದೆ.

ಒಂದು ಕೆಮ್ಮು. ರಕ್ತ. ಆಮೇಲೆ ಆ ಶಿಳ್ಳೆಯ ಉಸಿರು. ಅದು ಮತ್ತೆ ಮೂಗಿಗೆ ಸರಿದಿತ್ತು.

ಶಿರಸಿಗೆ ಹೋಗುತ್ತಿದ್ದ ಮರದ ನಾಟಾ ಲಾರಿಯೊಂದನ್ನು ಕಂಡಕ್ಟರನೇ ಕೈ ಅಡ್ಡ ಹಿಡಿದು ನಿಲ್ಲಿಸಿದ. ದಾರಿಯುದ್ದಕ್ಕೂ ಇವರನ್ನು ತಲೆ ಎತ್ತಲು ಬಿಡಲಿಲ್ಲ. ಟವೆಲನ್ನು ಕೆರೆಯ ನೀರಲ್ಲಿ ಅದ್ದಿ ಮೂಗಿನ ಕೆಳಗೆ ಹಿಡಿದಿದ್ದೆ. ತಂಪಿನ ಕಡೆಗೆ ಅದು ಬರಲಿ, ಮುಂದೆಯೇ ಇರಲಿ, ಹಿಂದೆ ಹೋಗದಿರಲಿ. ಟವೆಲು ಬೆಚ್ಚಗಾದ ಹಾಗೆಲ್ಲ ತಂಪು ಮಗ್ಗುಲಿಗೆ ತಿರುಗಿಸಿ ಹಿಡಿದೆ. ಡ್ರೈವರ್ ತನ್ನ ನೀರಿನ ಬಾಟಲಿ ಕೊಟ್ಟ.

ಡಾಕ್ಟರು ನನ್ನ ಮಾತು ಕೇಳಿ ಕನ್ನಡಕ ತೆಗೆದರು. "ಜಿಗಣೆ? ಮಾಸ್ತರ ಮೂಗಲ್ಲಿ? ಅವ್ರೇನು ಕೆರೆಗೆ ಹೋಗಿ ನೀರು ಕುಡಿದ್ರಾ ದನದ ಹಾಗೆ?"

"ಹೌದ್ರಿ," ಎಂದರು ಇವರು ತಗ್ಗಿಸಿದ ತಲೆಯಿಂದಲೇ. "ದನದಂಗನ ಕುಡದೆ."

ಡಾಕ್ಟರು ನಗಲಿಲ್ಲ. ಬೇಸಿನ್ನಿನಲ್ಲಿ ತಣ್ಣೀರು ತರಿಸಿ ಇವರ ಮೂಗು ನೀರಿಗೆ ತಾಗುವ ಹಾಗೆ ಬಾಗಿಸಿ ಕೂರಿಸಿದರು. ಫೋರ್ಸೆಪ್ಸ್ ಹಿಡಿದು ಪಕ್ಕದಲ್ಲಿ ಕಾದರು. ಯಾರೂ ಮಾತಾಡಬೇಡಿ ಎಂದರು. ಏನೂ ಬರಲಿಲ್ಲ. ಹೊರಗೆ ಪೇಷಂಟುಗಳ ಮಾತು, ಯಾರದೋ ಮಗುವಿನ ಅಳು. ಇವರ ಬೆನ್ನು ಆಯಾಸಕ್ಕೆ ಅದುರುತ್ತಿತ್ತು.

ಆಮೇಲೆ ಎಡಹೊಳ್ಳೆಯ ಅಂಚಿನಲ್ಲಿ ಕಪ್ಪಗಿನ ತುದಿಯೊಂದು ಕಂಡಿತು. ನೀರನ್ನು ಮುಟ್ಟಿತು. ಒಳಗೆ ಹೋಯಿತು. ಮತ್ತೆ ಬಂತು, ಈ ಸಲ ಉದ್ದಕ್ಕೆ.

ಡಾಕ್ಟರು ಹಿಡಿದರು. ಅದು ರಬ್ಬರಿನಂತೆ ಹಿಗ್ಗಿತು, ಬಿಡಲಿಲ್ಲ. ಎಳೆದರೆ ಹರಿದೀತು ಎಂದು ಹಿಡಿತ ಸಡಿಲಿಸದೆ ಉಪ್ಪು ನೀರಿನ ಹನಿ ಬಿಡಿಸಿದರು. ಬಿಟ್ಟಿತು. ಟ್ರೇಯಲ್ಲಿ ಬಿದ್ದು ಸುರುಳಿಯಾಯಿತು. ನನ್ನ ಕಿರುಬೆರಳಿಗಿಂತ ಉದ್ದವಿತ್ತು.

"ಬಾಯಿಯವರೇ, ಇದು ಗ್ರೋತ್ ಅಲ್ಲ," ಎಂದರು ಡಾಕ್ಟರು. ಅವರ ಹಣೆಯೂ ಬೆವೆತಿತ್ತು.

ರಕ್ತ ನಿಲ್ಲುವ ತನಕ ಒರಗಿ ಕೂತಿದ್ದ ಇವರು ಕನ್ನಡಕ ಕೇಳಿದರು. ಟ್ರೇ ಹತ್ತಿರ ತರಿಸಿಕೊಂಡರು. "ಹಿಂದೊಂದು ಮುಂದೊಂದು ಹೀರುಬಾಯಿ. ಎಷ್ಟು ಅಚ್ಚುಕಟ್ಟು ನೋಡು, ಸರೋಜಾ."

ನಾನು ಜಗಲಿಗೆ ಹೋಗಿ ವಾಂತಿ ಮಾಡಿದೆ.

ಮನೆಗೆ ಬಂದ ಮೇಲೆ ರಕ್ತ ಬರಲಿಲ್ಲ. ಆದರೆ ಹೆದರಿಕೆ ಹೋಗಲಿಲ್ಲ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಕುದಿಸಿ, ಮತ್ತೆ ಸೋಸುತ್ತಿದ್ದೆ. ರಾತ್ರಿ ಎದ್ದು ದೀಪ ಹಚ್ಚಿ ಇವರ ಮೂಗು ನೋಡುತ್ತಿದ್ದೆ, ಆಮೇಲೆ ಲಿಲ್ಲಿಯ ಮೂಗು. "ಮೂಗಿನ ಮೇಲೆ ಪಹರೆ ಇಟ್ಟಿದ್ದಾಳೆ ಮಾರಾಯ್ರೆ," ಎಂದು ನಾಗವೇಣಕ್ಕ ನಗಿಸಲು ನೋಡಿದರು. ರಕ್ತ ಕೂಡಲು ಲಿವರ್ ಎಕ್ಸ್‌ಟ್ರಾಕ್ಟ್ ಇಂಜೆಕ್ಷನ್ ಹಾಕಿಸಿಕೊಂಡು ಇವರು ನಿಧಾನವಾಗಿ ಚೇತರಿಸಿಕೊಂಡರು. ನಾನು ಸತ್ಯವೇದ ಮುಟ್ಟಲಿಲ್ಲ.

ಒಂದು ಸಂಜೆ ಕೇಳಿಯೇಬಿಟ್ಟೆ. "ಆ ಹುಳಾನೂ ಅವನೇ ಮಾಡಿದ್ದೇನ್ರಿ?"

ಇವರು ನನ್ನ ಕಡೆ ತಿರುಗಿದರು. "ಹೌದು. ಕೆಸುವಿನ ಎಲಿ ಅವನದು, ಇದು ಬ್ಯಾರೆಯವರದು ಅಂತ ಹೇಳಾಕ ಬರೂದಿಲ್ಲ."

"ಯಾಕ ಮಾಡಿದ?"

"ನನಗ ಗೊತ್ತಿಲ್ಲ." ಆಮೇಲೆ ಹೇಳಿದರು, "ನಾ ಧೈರ್ಯದಿಂದ ಕುಂತು ಓದತಿದ್ದೆ ಅಂತ ತಿಳಕೊಂಡಿ ನೀ. ಒಂದಕ್ಷರ ತಲಿಗೆ ಹೋಗತಿರಲಿಲ್ಲ. ಭಾಳ ಹೆದರಿದ್ದೆ. ಹಿಡಕೊಳ್ಳಾಕ ಅದೊಂದೇ ಇತ್ತು, ಹಿಡಕೊಂಡಿದ್ದೆ."

ಅವರೂ ಹೆದರಿದ್ದರು ಎಂದು ಕೇಳಿದ್ದೇ ನನಗೆ ಮೊದಲ ಸಮಾಧಾನ. ಅಂದು ಗಿದ್ಯೋನನ ಆ ಅಧ್ಯಾಯ ತೆಗೆದು ನೋಡಿದೆ. ಅಲ್ಲಿ ಜಿಗಣೆಯ ಮಾತಿಲ್ಲ. ಬಗ್ಗಿ ಕುಡಿದರೆ ಕೇಡು ಎಂದೂ ಇಲ್ಲ. ಜಿಗಣೆಯನ್ನು ನನಗೆ ಕಲಿಸಿದ್ದು ಕಾಲೇಜು. ಆದರೆ ಆ ದಿನ ಇವರು ಹೇಗೆ ಕುಡಿದರು ಎಂಬುದು ನನ್ನ ಕಣ್ಣಲ್ಲಿ ಉಳಿದಿತ್ತಲ್ಲ, ಅದು ಈ ಕಥೆಯಿಂದ. ಬರೀ ಬಾಯಾರಿ ಕುಡಿದಿದ್ದರೆ ಯಾರು ನೆನಪಿಡುತ್ತಿದ್ದರು? ಹಾಗೆಯೇ ಅಷ್ಟು ಒಳಗೆ ಅಡಗಬಲ್ಲ ಆ ಜೀವಿಗೆ ತಣ್ಣೀರು ಕಂಡರೆ ಹೊರಗೆ ಬರುವ ಗುಣವೂ ಇತ್ತು. ಅದಿಲ್ಲದಿದ್ದರೆ ಅದನ್ನು ಹಿಡಿಯಲು ಆಗುತ್ತಿರಲಿಲ್ಲ. ಯಾಕೆ ಮಾಡಿದ ಎಂಬುದಕ್ಕೆ ಇದು ಉತ್ತರವಲ್ಲ. ಆದರೂ ಆ ಗುಣವನ್ನು ಯಾರೂ ಇಡಲಿಲ್ಲ, ತಾನಾಗಿ ಇತ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮಾವು ಹೂ ಬಿಟ್ಟ ಕಾಲ. ಒಂದು ರವಿವಾರ ನಾಗವೇಣಕ್ಕ ಬಾಗಿಲು ಬಡಿದ ಸದ್ದಿಗೆ ಎಚ್ಚರವಾಯಿತು. "ಸರೋಜಾ! ಎಂತ ಮಾರಾಯ್ತಿ, ಮಕ್ಕಳೆಲ್ಲ ಪಾಠಕ್ಕೆ ಬಂದು ಕೂತಾಯ್ತು, ನಿಮ್ಮ ಬಾಗಿಲೇ ತೆಗೀಲಿಲ್ಲ!"

ಕಿಟಕಿಯಲ್ಲಿ ಬಿಸಿಲು. ಚಿಮಣಿಯ ಎಣ್ಣೆ ಇದ್ದಷ್ಟೇ ಇತ್ತು. ಬೆಂಕಿಪೆಟ್ಟಿಗೆ ರಾತ್ರಿ ಇಟ್ಟ ಜಾಗದಲ್ಲೇ. ಪಕ್ಕದಲ್ಲಿ ಇವರು ಅಂಗಾತ ಮಲಗಿದ್ದರು. ಶಿಳ್ಳೆಯ ಸದ್ದಿಲ್ಲದ ಉಸಿರು, ಎರಡೂ ಹೊಳ್ಳೆಗಳಿಂದ.

ಮೆಲ್ಲಗೆ ಎದ್ದು ಬಾಗಿಲು ತೆಗೆದೆ. ಜಗಲಿಯ ತುಂಬ ಮಕ್ಕಳು. ತುಟಿಯ ಮೇಲೆ ಬೆರಳಿಟ್ಟು, "ಸ್ವಲ್ಪ ಹೊತ್ತು ಕೂಡ್ರಿ," ಎಂದೆ. "ಮಾಸ್ತರು ಮಲಗ್ಯಾರ."